ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಲ್ಫ್ರೆಡ್ ಬರ್ಚೆಟ್ ಬರೆದದ್ದನ್ನು ಎಷ್ಟು ನಂಬಬೇಕು?

ಹಿರೋಷಿಮಾದ ಮೇಲೆ ಅಣುಬಾಂಬ್ ಬಿದ್ದ ಒಂದು ತಿಂಗಳೊಳಗೆ ಆ ನಗರಕ್ಕೆ ಒಬ್ಬಂಟಿಯಾಗಿ ಹೋಗಿ ವರದಿ ಕಳುಹಿಸಿದ ಆಸ್ಟ್ರೇಲಿಯಾದ ಪತ್ರಕರ್ತ ವಿಲ್ಫ್ರೆಡ್ ಬರ್ಚೆಟ್ ಅವರ ಕುರಿತು ಕಳೆದ ಸಂಚಿಕೆಯಲ್ಲಿ ಒಂದು ಕಿರುಟಿಪ್ಪಣಿ ಪ್ರಕಟವಾಗಿತ್ತು. ಆ ಟಿಪ್ಪಣಿ ಹಿರೋಷಿಮಾದ ಪ್ರಸಂಗಕ್ಕಷ್ಟೇ ಸೀಮಿತವಾಗಿತ್ತು. ಮುಂದಿನ ನಾಲ್ಕು ದಶಕಗಳ ಕಾಲ ಅವರು ಚೀನಾ, ಉತ್ತರ ಕೊರಿಯಾ, ಉತ್ತರ ವಿಯೆಟ್ನಾಂ ಸರ್ಕಾರಗಳ ಪರವಾಗಿ ಬರೆದ ಬಗೆಯನ್ನು ಕೇಳಿ ಹಲವು ಪತ್ರಗಳು ಬಂದಿವೆ. ಕೆಲವು ಮೆಚ್ಚುಗೆಯವು, ಕೆಲವು ಸಿಟ್ಟಿನವು. ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಡುತ್ತಿದ್ದೇವೆ.

ಬರ್ಚೆಟ್ ಯಾವ ಹಿನ್ನೆಲೆಯಿಂದ ಬಂದವರು? ಹಿರೋಷಿಮಾಕ್ಕೆ ಅವರೊಬ್ಬರೇ ಹೇಗೆ ತಲುಪಿದರು?
(ಪತ್ರಿಕೋದ್ಯಮ ವಿದ್ಯಾರ್ಥಿನಿ, ಮೈಸೂರು)

1911ರಲ್ಲಿ ಮೆಲ್ಬರ್ನ್‌ನಲ್ಲಿ ಹುಟ್ಟಿದ ಬರ್ಚೆಟ್ ಬೆಳೆದದ್ದು ವಿಕ್ಟೋರಿಯಾ ರಾಜ್ಯದ ಹಳ್ಳಿಗಾಡಿನಲ್ಲಿ. ತಂದೆ ದುಡಿಮೆಗಾರರು, ಮೆಥಡಿಸ್ಟ್ ಚರ್ಚಿನಲ್ಲಿ ಪ್ರವಚನ ಮಾಡುತ್ತಿದ್ದವರು. ಆರ್ಥಿಕ ಮುಗ್ಗಟ್ಟಿನ ವರ್ಷಗಳಲ್ಲಿ ಕುಟುಂಬ ಕಷ್ಟಕ್ಕೆ ಸಿಲುಕಿದ್ದರಿಂದ ಅವರ ಶಾಲೆ ಬೇಗ ನಿಂತಿತು; ಭಾಷೆಗಳನ್ನು ತಾವೇ ಕಲಿತರು. 1936ರಲ್ಲಿ ಲಂಡನ್ನಿಗೆ ಹೋಗಿ ಪ್ರವಾಸಿ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿ, ನಾಜಿ ಜರ್ಮನಿಯಿಂದ ಹೊರಬರಲು ಯಹೂದಿಗಳಿಗೆ ನೆರವಾಗುವ ಕೆಲಸದಲ್ಲಿ ತೊಡಗಿದರು. ಅವರು ಮೊದಲು ಮದುವೆಯಾದದ್ದು ಕೂಡ ಜರ್ಮನಿಯಿಂದ ಪಾರಾಗಿ ಬಂದಿದ್ದ ಒಬ್ಬ ಯಹೂದಿ ಮಹಿಳೆಯನ್ನು. ಫ್ಯಾಸಿಸಂ ಏನೆಂಬುದನ್ನು ಅವರು ಅಲ್ಲಿಯೇ, ಆ ದಿನಗಳಲ್ಲೇ ಕಂಡಿದ್ದರು ಎಂಬುದು ಅವರ ಮುಂದಿನ ಒಲವುಗಳನ್ನು ಅರ್ಥಮಾಡಿಕೊಳ್ಳಲು ಬೇಕಾದ ಸಂಗತಿ.

ಯುದ್ಧ ಶುರುವಾದ ಮೇಲೆ ಅವರು ಲಂಡನ್ನಿನ ‘ಡೈಲಿ ಎಕ್ಸ್‌ಪ್ರೆಸ್’ ಪತ್ರಿಕೆಗಾಗಿ ಚೀನಾದ ಚುಂಗ್‌ಕಿಂಗ್‌ನಿಂದ, ಬಳಿಕ ಬರ್ಮಾದಿಂದ ವರದಿ ಮಾಡಿದರು. ಅರಾಕಾನ್ ರಂಗದಲ್ಲಿ ಜಪಾನಿ ವಿಮಾನದ ಗುಂಡೇಟಿಗೆ ಗಾಯಗೊಂಡರು. ಭಾರತದಲ್ಲಿ ತರಬೇತಿ ಪಡೆದು ಬರ್ಮಾದ ಕಾಡುಗಳಿಗೆ ನುಗ್ಗಿದ, ಬ್ರಿಟಿಷ್ ಸೇನಾನಿ ವಿಂಗೇಟ್ ಅವರ ಸೇನೆಯ ಕುರಿತು ಅವರು ಬರೆದ ಪುಸ್ತಕ ಯುದ್ಧಕಾಲದ ಮುಂಬೈಯಲ್ಲೇ ಅಚ್ಚಾಯಿತು.

1945ರ ಸೆಪ್ಟೆಂಬರ್ 2ರಂದು ಟೋಕಿಯೊ ಕೊಲ್ಲಿಯ ಯುದ್ಧನೌಕೆಯ ಮೇಲೆ ಜಪಾನಿನ ಶರಣಾಗತಿಗೆ ಸಹಿ ಬೀಳುತ್ತಿದ್ದಾಗ ಮಿತ್ರರಾಷ್ಟ್ರಗಳ ನೂರಾರು ವರದಿಗಾರರು ಅಲ್ಲಿ ನೆರೆದಿದ್ದರು. ಬರ್ಚೆಟ್ ಮಾತ್ರ ಒಂದು ಕೊಡೆ, ಒಂದು ಪುಟ್ಟ ಟೈಪ್‌ರೈಟರ್, ಏಳು ಹೊತ್ತಿನ ಊಟದ ಪೊಟ್ಟಣಗಳನ್ನು ಹಿಡಿದು, ಸೋತು ಊರಿಗೆ ಮರಳುತ್ತಿದ್ದ ಜಪಾನಿ ಸೈನಿಕರಿಂದ ಕಿಕ್ಕಿರಿದ ರೈಲನ್ನೇರಿ, ಸುಮಾರು 20 ಗಂಟೆಗಳ ಪ್ರಯಾಣದ ಬಳಿಕ ಮರುದಿನ ಹಿರೋಷಿಮಾ ತಲುಪಿದರು. ಅವರ ವರದಿಯನ್ನು ಜಪಾನಿನ ಡೊಮೇ ಸುದ್ದಿಸಂಸ್ಥೆಯ ತಂತಿಯ ಮೂಲಕ ಮೋರ್ಸ್ ಸಂಕೇತದಲ್ಲಿ ಟೋಕಿಯೊಗೆ ರವಾನಿಸಲಾಯಿತು. ಸೆಪ್ಟೆಂಬರ್ 5ರಂದು ಅದು ‘ಡೈಲಿ ಎಕ್ಸ್‌ಪ್ರೆಸ್’ನ ಮುಖಪುಟದಲ್ಲಿ ಬಂತು. ಗಾಯವೇ ಆಗದವರೂ ತಿಂಗಳ ಬಳಿಕ ಕೂದಲುದುರಿ, ರಕ್ತಸ್ರಾವವಾಗಿ ಸಾಯುತ್ತಿದ್ದಾರೆ ಎಂಬ ಸಂಗತಿ ಪಾಶ್ಚಾತ್ಯ ಓದುಗರಿಗೆ ಮುಟ್ಟಿದ್ದು ಮುಖ್ಯವಾಗಿ ಈ ವರದಿಯಿಂದ. ಅದನ್ನವರು ‘ಅಣುಮಾರಿ’ ಎಂಬ ಅರ್ಥ ಬರುವ ಪದದಿಂದ ಕರೆದರು, ಜಗತ್ತಿಗೊಂದು ಎಚ್ಚರಿಕೆಯಾಗಿ ಬರೆಯುತ್ತಿದ್ದೇನೆ ಎಂದರು. ಪತ್ರಿಕೆ ಅವರ ಹೆಸರನ್ನು ವಿಲ್ಫ್ರೆಡ್ ಎನ್ನುವ ಬದಲು ಪೀಟರ್ ಎಂದು ತಪ್ಪಾಗಿ ಅಚ್ಚು ಹಾಕಿತ್ತೆಂಬುದು ಬೇರೆ ಮಾತು.

ಟೋಕಿಯೊದಲ್ಲಿ ಅಮೆರಿಕದ ಸೇನಾಧಿಕಾರಿಗಳು ಪತ್ರಿಕಾಗೋಷ್ಠಿ ಕರೆದು, ವಿಕಿರಣದ ಕಾಯಿಲೆ ಎಂಬುದೇ ಇಲ್ಲ, ನೀವು ಜಪಾನಿ ಪ್ರಚಾರಕ್ಕೆ ಬಲಿಯಾಗಿದ್ದೀರಿ ಎಂದು ಅವರ ಮುಖಕ್ಕೇ ಹೇಳಿದರು. ಅವರು ತೆಗೆದ ಚಿತ್ರಗಳಿದ್ದ ಕ್ಯಾಮೆರಾ ಕಾಣೆಯಾಯಿತು. ಹಿರೋಷಿಮಾದ ಅವಶೇಷಗಳಲ್ಲಿ ವಿಕಿರಣವಿಲ್ಲವೆಂಬ ಸುದ್ದಿಯನ್ನು ಸೆಪ್ಟೆಂಬರ್ 13ರಂದು ‘ನ್ಯೂಯಾರ್ಕ್ ಟೈಮ್ಸ್’ ಪ್ರಕಟಿಸಿತು. ಯಾರು ಸರಿ ಎಂಬುದನ್ನು ಇಂದು ಯಾರಿಗೂ ವಿವರಿಸಬೇಕಿಲ್ಲ. ಒಂದನ್ನು ಮಾತ್ರ ಗಮನದಲ್ಲಿ ಇರಿಸಿಕೊಳ್ಳಿ: ಆ ವರದಿಯನ್ನು ಅಚ್ಚು ಹಾಕಿದ್ದು ಕಟ್ಟಾ ಬಲಪಂಥೀಯ ಮಾಲೀಕರೊಬ್ಬರ ಪತ್ರಿಕೆ, ಮತ್ತು ಬರ್ಚೆಟ್ ಆ ಊರಿಗೆ ಯಾವ ಸರ್ಕಾರದ ಅತಿಥಿಯಾಗಿಯೂ ಹೋಗಿರಲಿಲ್ಲ.

ಅವರು ಕಮ್ಯುನಿಸ್ಟ್ ಸರ್ಕಾರಗಳ ಪಕ್ಷ ವಹಿಸಲು ಶುರುಮಾಡಿದ್ದು ಯಾವಾಗ? ಇದಕ್ಕೆ ನಿಶ್ಚಿತವಾದ ಒಂದು ಘಟ್ಟವಿದೆಯೇ?
(ನಿವೃತ್ತ ಇತಿಹಾಸ ಅಧ್ಯಾಪಕರು, ಧಾರವಾಡ)

1949ರ ಪೂರ್ವ ಯುರೋಪನ್ನು ಆ ಘಟ್ಟ ಎನ್ನಬಹುದು. ಯುದ್ಧದ ನಂತರ ಬರ್ಲಿನ್ನಿನಲ್ಲಿ ವರದಿಗಾರರಾಗಿದ್ದ ಬರ್ಚೆಟ್, ಅಮೆರಿಕ ಮತ್ತು ಬ್ರಿಟನ್ ಪಶ್ಚಿಮ ಜರ್ಮನಿಯಲ್ಲಿ ಹಳೆಯ ನಾಜಿಗಳನ್ನು ಮತ್ತೆ ಹುದ್ದೆಗಳಲ್ಲಿ ಕೂರಿಸುತ್ತಿವೆ ಎಂದು ಕಹಿಯಾದರು. ಆ ಕಹಿಗೆ ಕಾರಣಗಳಿರಲಿಲ್ಲವೆಂದು ಹೇಳಲಾಗದು. ಅಲ್ಲಿಂದ ಬುಡಾಪೆಸ್ಟ್‌ಗೆ ಹೋದ ಅವರು ಹಂಗೇರಿಯ ಮಾಜಿ ಮಂತ್ರಿ ಲಾಸ್ಲೋ ರಾಯ್ಕ್ ಅವರ ಮೇಲೆ ನಡೆದ ವಿಚಾರಣೆಯನ್ನು ವರದಿ ಮಾಡಿದರು. ಸ್ವತಃ ಕಮ್ಯುನಿಸ್ಟರಾಗಿದ್ದ ರಾಯ್ಕ್, ತಾನು ಯುಗೊಸ್ಲಾವಿಯಾದ ನಾಯಕ ಟಿಟೋನ ಹಾಗೂ ಪಾಶ್ಚಾತ್ಯರ ಗೂಢಚಾರನೆಂದು ನ್ಯಾಯಾಲಯದಲ್ಲಿ ಒಪ್ಪಿಕೊಂಡರು. ಬರ್ಚೆಟ್ ಅದನ್ನು ನಂಬಿದರು, ಓದುಗರಿಗೂ ನಂಬಿಸಿದರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಯ್ಕ್ ಅವರನ್ನು ಗಲ್ಲಿಗೇರಿಸಲಾಯಿತು.

ಡಿಸೆಂಬರ್‌ನಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಅಲ್ಲಿನ ಹಿರಿಯ ಕಮ್ಯುನಿಸ್ಟ್ ನಾಯಕ ತ್ರೈಚೋ ಕೊಸ್ತೋವ್ ಅವರ ವಿಚಾರಣೆ ನಡೆಯಿತು. ಕೊಸ್ತೋವ್ ತುಂಬಿದ ನ್ಯಾಯಾಲಯದಲ್ಲಿ ಎದ್ದುನಿಂತು ತಮ್ಮ ಲಿಖಿತ ತಪ್ಪೊಪ್ಪಿಗೆಯನ್ನು ಹಿಂತೆಗೆದುಕೊಂಡುಬಿಟ್ಟರು. ಈ ಬಗೆಯ ವಿಚಾರಣೆಗಳಲ್ಲಿ ಹೀಗಾಗುವುದು ತೀರಾ ಅಪರೂಪ. ವರದಿಗಾರನ ಕಿವಿ ನೆಟ್ಟಗಾಗಬೇಕಿದ್ದ ಕ್ಷಣ ಅದು. ಆದರೆ 1951ರಲ್ಲಿ ಹೊರಬಂದ ಪೂರ್ವ ಯುರೋಪಿನ ಕುರಿತ ತಮ್ಮ ಪುಸ್ತಕದಲ್ಲಿ ಬರ್ಚೆಟ್ ಈ ವಿಚಾರಣೆಗಳನ್ನು ಸಮರ್ಥಿಸಿದರು. 1956ರಲ್ಲಿ ಹಂಗೇರಿಯ ಸರ್ಕಾರವೇ ರಾಯ್ಕ್ ನಿರಪರಾಧಿಯೆಂದು ಸಾರಿ, ಶವವನ್ನು ಹೊರತೆಗೆಸಿ ಸರ್ಕಾರಿ ಗೌರವದೊಡನೆ ಮರುಸಂಸ್ಕಾರ ಮಾಡಿತು. ಕೊಸ್ತೋವ್ ಅವರ ಹೆಸರಿಗೆ ಮೆತ್ತಿದ ಕಳಂಕವೂ ಅದೇ ವರ್ಷ ತೊಳೆಯಿತು.

1949ರ ಕೊನೆಗೆ ಬಲ್ಗೇರಿಯಾದ ಪತ್ರಕರ್ತೆಯೊಬ್ಬರನ್ನು ಮದುವೆಯಾಗಿದ್ದ ಬರ್ಚೆಟ್, ಮುಂದಿನ ವರ್ಷ ಆಸ್ಟ್ರೇಲಿಯಾಕ್ಕೆ ಮರಳಿ, ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಲು ಹೊರಟಿದ್ದ ಮೆಂಜೀಸ್ ಸರ್ಕಾರದ ವಿರುದ್ಧ ಊರೂರು ಸುತ್ತಿ ಭಾಷಣ ಮಾಡಿದರು. 1951ರಲ್ಲಿ ಚೀನಾಕ್ಕೆ ಹೋದರು. ಆ ದೇಶದ ಜನರಿಗೂ ಸರ್ಕಾರಕ್ಕೂ ಏನು ಮಾಡಲೂ ತಾನು ಸಿದ್ಧನೆಂಬ ಅರ್ಥದ ಪತ್ರವನ್ನು ಅಲ್ಲಿಂದ ತಂದೆಗೆ ಬರೆದರು. ಜನರನ್ನು ಪ್ರೀತಿಸುವುದು ಒಂದು, ಸರ್ಕಾರಕ್ಕಾಗಿ ಏನು ಬೇಕಾದರೂ ಮಾಡುವುದು ಇನ್ನೊಂದು. ಆ ಪತ್ರದಲ್ಲಿ ಇವೆರಡೂ ಒಂದೇ ವಾಕ್ಯದಲ್ಲಿ ಕೂಡಿಕೊಂಡಿದ್ದವು. ಅವರ ವೃತ್ತಿಜೀವನದ ಮುಂದಿನ ತೊಡಕುಗಳೆಲ್ಲ ಈ ಕೂಡಿಕೆಯಿಂದಲೇ ಹುಟ್ಟಿದವು ಎಂದು ನನ್ನ ತಿಳಿವಳಿಕೆ.

ಕೊರಿಯಾ ಯುದ್ಧದಲ್ಲಿ ತಮ್ಮದೇ ದೇಶದ ಸೈನಿಕರು ಎದುರುಬಣದಲ್ಲಿ ಹೋರಾಡುತ್ತಿದ್ದಾಗ ಶತ್ರುವಿನ ಪಾಳಯದಲ್ಲಿ ಕುಳಿತು ಸುಳ್ಳು ಬರೆದವರನ್ನು ‘ಸತ್ಯನಿಷ್ಠ’ ಎಂದು ಕರೆಯುವುದು ಎಷ್ಟು ಸರಿ? ಸೆರೆಯಾಳುಗಳನ್ನು ಅವರು ಹೆದರಿಸಿದರಂತೆ. ಜೈವಿಕ ಅಸ್ತ್ರದ ಕಟ್ಟುಕಥೆ ಹಬ್ಬಿಸಿದವರೂ ಅವರೇ ಅಲ್ಲವೇ?
(ನಿವೃತ್ತ ಸೇನಾಧಿಕಾರಿ, ಬೆಂಗಳೂರು)

ನಿಮ್ಮ ಪತ್ರದ ಸಿಟ್ಟಿಗೆ ಆಧಾರವಿದೆ. ಆದರೆ ಅದರಲ್ಲಿ ಮೂರು ಆಪಾದನೆಗಳು ಒಟ್ಟಾಗಿ ಬಂದಿವೆ. ಮೂರಕ್ಕೂ ಒಂದೇ ಉತ್ತರ ಸಲ್ಲುವುದಿಲ್ಲ.

ಮೊದಲು ಪಾಳಯದ ಮಾತು. 1951ರ ಜುಲೈನಲ್ಲಿ ಕೆಸಾಂಗ್‌ನಲ್ಲಿ ಕದನವಿರಾಮದ ಮಾತುಕತೆ ಶುರುವಾದಾಗ ಬರ್ಚೆಟ್ ಪ್ಯಾರಿಸ್ಸಿನ ಎಡಪಂಥೀಯ ಪತ್ರಿಕೆಯ ಪರವಾಗಿ ಚೀನಾ ಮತ್ತು ಉತ್ತರ ಕೊರಿಯಾ ನಿಯೋಗದ ಜೊತೆ ಬಂದರು. ಲಂಡನ್ನಿನ ಕಮ್ಯುನಿಸ್ಟ್ ಪತ್ರಿಕೆ ‘ಡೈಲಿ ವರ್ಕರ್’ನ ಆಲನ್ ವಿನ್ನಿಂಗ್ಟನ್ ಅವರ ಜೊತೆಗಿದ್ದರು. ಮಾತುಕತೆ ಪಾನ್‌ಮುಂಜೋಮ್‌ಗೆ ಸ್ಥಳಾಂತರವಾದ ಮೇಲೂ, ಒಟ್ಟು ಎರಡು ವರ್ಷಗಳಿಗೂ ಮಿಕ್ಕಿ, ಇಬ್ಬರೂ ಅಲ್ಲೇ ಇದ್ದರು. ವಿಶ್ವಸಂಸ್ಥೆಯ ಹೆಸರಿನಲ್ಲಿ ಹೋರಾಡುತ್ತಿದ್ದ ಅಮೆರಿಕದ ಸೇನೆ ತನ್ನ ವರದಿಗಾರರಿಗೆ ಮಾತುಕತೆಯ ವಿವರಗಳನ್ನು ಎಷ್ಟು ಜಿಪುಣತನದಿಂದ ಕೊಡುತ್ತಿತ್ತೆಂದರೆ, ಅಮೆರಿಕದ ಪತ್ರಕರ್ತರು ರಸ್ತೆ ದಾಟಿ ಬಂದು ಬರ್ಚೆಟ್ ಮತ್ತು ವಿನ್ನಿಂಗ್ಟನ್ ಅವರನ್ನು ಕೇಳಿ ಸುದ್ದಿ ಬರೆಯತೊಡಗಿದರು. ಇವರಿಬ್ಬರೊಡನೆ ಅತಿಯಾಗಿ ಬೆರೆಯಬಾರದೆಂದು ಸೇನೆ ಎಚ್ಚರಿಕೆ ಕೊಟ್ಟ ಮೇಲೂ ಅದು ನಿಲ್ಲಲಿಲ್ಲ. ಸತ್ತರೆಂದು ನಂಬಲಾಗಿದ್ದ ಅಮೆರಿಕದ ಜನರಲ್ ವಿಲಿಯಂ ಡೀನ್ ಸೆರೆಯಲ್ಲಿ ಬದುಕಿದ್ದಾರೆಂದು ಜಗತ್ತಿಗೆ ಖಚಿತವಾದದ್ದು 1951ರ ಕೊನೆಯಲ್ಲಿ ಬರ್ಚೆಟ್ ಮಾಡಿದ ಸಂದರ್ಶನದಿಂದ. ಡೀನ್ ಬಿಡುಗಡೆಯಾಗಿ ಮರಳಿದ ಮೇಲೆ ಬರೆದ ಆತ್ಮಕಥನದಲ್ಲಿ ಬರ್ಚೆಟ್ ಅವರನ್ನು ಗೆಳೆಯನೆಂದೇ ಕರೆದು ಒಂದು ಅಧ್ಯಾಯವನ್ನು ಕೊಟ್ಟಿದ್ದಾರೆ. ಅವರ ರಾಜಕೀಯವನ್ನು ಡೀನ್ ಒಪ್ಪಲಿಲ್ಲ, ನಡತೆಯನ್ನು ಹೊಗಳಿದರು.

ಎರಡನೆಯದು ಸೆರೆಯಾಳುಗಳ ವಿಷಯ, ಮತ್ತು ಇಲ್ಲಿ ಬರ್ಚೆಟ್ ಪರ ಮಾತಾಡುವುದು ಕಷ್ಟ. ಉತ್ತರ ಕೊರಿಯಾದ ಗಡಿಯ ಯಾಲು ನದಿಯ ಬಳಿಯ ಸೆರೆಶಿಬಿರಗಳನ್ನು ಅವರು ಸ್ವಿಟ್ಜರ್‌ಲೆಂಡಿನ ವಿಹಾರಧಾಮಕ್ಕೆ ಹೋಲಿಸಿದರು. ಸೆರೆ ಸಿಕ್ಕ ಅಮೆರಿಕದ ಸೈನಿಕರಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಸೆರೆಯಲ್ಲೇ ಸತ್ತಿದ್ದರು. ಅವರಲ್ಲಿ ಹೆಚ್ಚಿನವರು ಸತ್ತದ್ದು ಬರ್ಚೆಟ್ ಅಲ್ಲಿಗೆ ಬರುವ ಮೊದಲಿನ ಚಳಿಗಾಲದಲ್ಲಿ, ಹಸಿವು ಮತ್ತು ರೋಗದಿಂದ. ಕಾವಲುಗಾರರು ತೋರಿಸಿದ ಶಿಬಿರವನ್ನು ನೋಡಿ, ಕಾವಲುಗಾರರ ಎದುರಿನಲ್ಲಿ ಸೆರೆಯಾಳುಗಳನ್ನು ಮಾತಾಡಿಸಿ, ಹಿಂದಿನ ಚಳಿಗಾಲದಲ್ಲಿ ಏನಾಯಿತೆಂದು ಕೇಳದೆ ಬರೆದ ವರದಿ ಅದು. ಹಿರೋಷಿಮಾದಲ್ಲಿ ಆಸ್ಪತ್ರೆಯ ಹಾಸಿಗೆಯಿಂದ ಹಾಸಿಗೆಗೆ ಹೋದ ವ್ಯಕ್ತಿಗೆ ಆ ಪ್ರಶ್ನೆ ಹೊಳೆಯಲಿಲ್ಲವೆಂದು ನಾನು ನಂಬಲಾರೆ. ಅವರು ಸೆರೆಯಾಳುಗಳನ್ನು ಹೆದರಿಸಿದರೆಂದು ಕೆಲವು ಮಾಜಿ ಸೆರೆಯಾಳುಗಳು 1974ರಲ್ಲಿ ಸಿಡ್ನಿಯ ನ್ಯಾಯಾಲಯದಲ್ಲಿ ಸಾಕ್ಷ್ಯ ನುಡಿದರು. ಬರ್ಚೆಟ್ ಅದನ್ನು ಅಲ್ಲಗಳೆದರು.

ಮೂರನೆಯದು ಜೈವಿಕ ಅಸ್ತ್ರದ ಆಪಾದನೆ. ಅಮೆರಿಕದ ವಿಮಾನಗಳು ರೋಗಾಣು ಹೊತ್ತ ಕೀಟಗಳನ್ನು ಉದುರಿಸುತ್ತಿವೆ ಎಂದು ಚೀನಾ ಮತ್ತು ಉತ್ತರ ಕೊರಿಯಾ 1952ರಲ್ಲಿ ದೂರಿದವು. ಸೆರೆಸಿಕ್ಕ ವೈಮಾನಿಕರು ಇದನ್ನು ಒಪ್ಪಿಕೊಂಡ ಹೇಳಿಕೆಗಳನ್ನು ಬರ್ಚೆಟ್ ಉತ್ಸಾಹದಿಂದ ಪ್ರಸಾರ ಮಾಡಿದರು. ಬಿಡುಗಡೆಯಾದ ಮೇಲೆ ಆ ವೈಮಾನಿಕರು, ಒತ್ತಾಯಕ್ಕೆ ಮಣಿದು ಹಾಗೆ ಹೇಳಿದೆವು ಎಂದರು. ಸೇನಾ ವಿಚಾರಣೆಯ ಭಯದಲ್ಲಿ ಹಾಗೆ ಅಂದರೆಂದು ಬರ್ಚೆಟ್ ವಾದ ಹೂಡಿದರು. ಆ ಭಯ ಇದ್ದದ್ದೂ ನಿಜ. 1998ರಲ್ಲಿ ಮಾಸ್ಕೊದ ದಫ್ತರದಿಂದ ನಕಲು ಮಾಡಿಕೊಂಡ ಕೆಲವು ಕಾಗದಗಳು ಬೆಳಕಿಗೆ ಬಂದವು. ಸ್ಟಾಲಿನ್ ಸತ್ತ ಎರಡು ತಿಂಗಳಿಗೆ, 1953ರ ಮೇ ತಿಂಗಳಲ್ಲಿ, ಈ ಆಪಾದನೆಗಳು ಕಲ್ಪಿತವೆಂದು ಸೋವಿಯತ್ ನಾಯಕರೇ ಪೀಕಿಂಗ್‌ಗೆ (ಇಂದಿನ ಬೀಜಿಂಗ್) ತಿಳಿಸಿದರೆಂದು ಅವು ಹೇಳುತ್ತವೆ. ಮೂಲಪ್ರತಿಗಳು ಸಿಗದೆ ಕೈಬರಹದ ನಕಲುಗಳು ಮಾತ್ರ ಸಿಕ್ಕಿರುವುದರಿಂದ ಒಪ್ಪದವರೂ ಇದ್ದಾರೆ; ಆದರೂ ಪುರಾವೆಯ ತೂಕ ಬರ್ಚೆಟ್ ಅವರ ವಿರುದ್ಧವೇ ಇದೆ. ಅವರು ಕೊನೆಯವರೆಗೂ ಆ ಬರಹಗಳನ್ನು ಹಿಂತೆಗೆದುಕೊಳ್ಳಲಿಲ್ಲ.

ಹಾಗಾಗಿ ಅವರ ಪ್ರತಿಯೊಂದು ವರದಿಯನ್ನೂ ಓದುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಸ್ಥಳಕ್ಕೆ ಅವರನ್ನು ಕರೆದುಕೊಂಡು ಹೋದವರು ಯಾರು?

ನಮ್ಮ ಜಿಲ್ಲೆಯ ಜನರಲ್ ತಿಮ್ಮಯ್ಯನವರು ಕೊರಿಯಾದಲ್ಲಿ ಸೆರೆಯಾಳುಗಳ ಆಯೋಗದ ಅಧ್ಯಕ್ಷರಾಗಿದ್ದರು. ಬರ್ಚೆಟ್ ಬರೆದ ವಿಷಯಗಳಿಗೂ ಅದಕ್ಕೂ ಸಂಬಂಧವಿದೆಯೇ?
(ಓದುಗರು, ಮಡಿಕೇರಿ)

ನೇರ ಸಂಬಂಧವಿದೆ. ಕೊರಿಯಾದ ಕದನವಿರಾಮ ಒಂದೂವರೆ ವರ್ಷದಷ್ಟು ತಡವಾಗಿದ್ದು ಮುಖ್ಯವಾಗಿ ಒಂದೇ ಪ್ರಶ್ನೆಯಿಂದ: ತಾಯ್ನಾಡಿಗೆ ಮರಳಲು ಒಲ್ಲದ ಸೆರೆಯಾಳುಗಳನ್ನು ಏನು ಮಾಡಬೇಕು? ಕೊನೆಗೆ 1953ರಲ್ಲಿ ಐದು ತಟಸ್ಥ ರಾಷ್ಟ್ರಗಳ ಆಯೋಗ ರಚನೆಯಾಯಿತು. ಕೊಡಗಿನ ಕೆ.ಎಸ್. ತಿಮ್ಮಯ್ಯ ಅದರ ಅಧ್ಯಕ್ಷರಾದರು. ಸೆರೆಯಾಳುಗಳ ಕಾವಲಿಗೆ ಜನರಲ್ ಎಸ್.ಪಿ.ಪಿ. ಥೋರಟ್ ಅವರ ನಾಯಕತ್ವದ ಭಾರತೀಯ ಪಡೆ ಹೋಯಿತು. ಸುಮಾರು 22,600 ಚೀನಿ ಹಾಗೂ ಉತ್ತರ ಕೊರಿಯಾದ ಸೆರೆಯಾಳುಗಳು ಮತ್ತು ಎದುರುಬಣದ 359 ಮಂದಿ ಭಾರತೀಯರ ಸುಪರ್ದಿಗೆ ಬಂದರು. ಪ್ರತಿ ಸೆರೆಯಾಳಿಗೂ ಅವರವರ ದೇಶದ ಪ್ರತಿನಿಧಿಗಳು, ಊರಿಗೆ ಮರಳಿದರೆ ತೊಂದರೆಯಿಲ್ಲವೆಂದು ತಟಸ್ಥರ ಎದುರಿನಲ್ಲಿ ತಿಳಿಹೇಳಬೇಕೆಂಬುದು ಏರ್ಪಾಟು.

ಅದಕ್ಕೂ ಮುಂಚೆ ಬರ್ಚೆಟ್ ಮತ್ತು ವಿನ್ನಿಂಗ್ಟನ್ ಕೂಡಿ ಕೋಜೆ ದ್ವೀಪದ ಅಮೆರಿಕನ್ ಸೆರೆಶಿಬಿರದ ಕುರಿತು ಒಂದು ಪುಸ್ತಕ ಬರೆದಿದ್ದರು. ಶಿಬಿರದೊಳಗೆ ಚೀನಾದ ಕಮ್ಯುನಿಸ್ಟ್ ವಿರೋಧಿ ನಾಯಕ ಚಿಯಾಂಗ್ ಕೈ ಶೇಕ್ ಪರವಾದ ಗುಂಪುಗಳಿಗೆ ಅಧಿಕಾರ ಕೊಡಲಾಗಿದೆ, ಮರಳಲು ಬಯಸುವವರನ್ನು ಹೊಡೆದು, ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳನ್ನು ಹಚ್ಚೆ ಹುಯ್ದು, ಕೊಲ್ಲುವುದೂ ಇದೆ ಎಂದು ಅದರಲ್ಲಿ ಹೇಳಿದ್ದರು. ಪಶ್ಚಿಮದಲ್ಲಿ ಇದನ್ನು ಪ್ರಚಾರವೆಂದು ತಳ್ಳಿಹಾಕಲಾಯಿತು. ಆದರೆ ತಿಮ್ಮಯ್ಯನವರ ಆಯೋಗದ ಬಹುಮತದ ವರದಿಯು, ಶಿಬಿರಗಳೊಳಗಿನ ಸಂಘಟಿತ ಗುಂಪುಗಳು ಬಲಾತ್ಕಾರ ಮಾಡುತ್ತಿದ್ದುದರಿಂದ ಸೆರೆಯಾಳುಗಳ ಆಯ್ಕೆ ಸ್ವತಂತ್ರವಾಗಿತ್ತೆಂದು ಹೇಳಲಾಗದೆಂಬ ಅಭಿಪ್ರಾಯಕ್ಕೆ ಬಂದಿತು. ಹಚ್ಚೆಯ ಸಂಗತಿಯನ್ನು ನಂತರದ ಅಮೆರಿಕನ್ ಇತಿಹಾಸಕಾರರೂ ಒಪ್ಪಿದ್ದಾರೆ.

ಗಮನಿಸಿ: ಯಾಲು ನದಿಯ ಶಿಬಿರದಲ್ಲಿ ಬರ್ಚೆಟ್‌ರಿಗೆ ಕಾಣಿಸದ ಹಿಂಸೆ, ಎದುರುಪಕ್ಷದ ಶಿಬಿರದಲ್ಲಿ ನಿಚ್ಚಳವಾಗಿ ಕಾಣಿಸಿತು. ಎದುರುಪಕ್ಷವೂ ಹೀಗೆಯೇ ಅರ್ಧವನ್ನು ನೋಡಿತು. ಎರಡೂ ಕಡೆಯ ಶಿಬಿರಗಳನ್ನು ಒಂದೇ ಅಳತೆಯಿಂದ ಅಳೆಯುವ ಹೊಣೆ ಬಿದ್ದದ್ದು ತಿಮ್ಮಯ್ಯನವರ ಮೇಲೆ. ಅದಕ್ಕಾಗಿ ಅವರು ದಕ್ಷಿಣ ಕೊರಿಯಾದ ಅಧ್ಯಕ್ಷರಿಂದಲೂ ಚೀನಾದ ವಕ್ತಾರರಿಂದಲೂ ಬೈಗುಳ ತಿಂದರು.

ಬರ್ಚೆಟ್ ಮಾಸ್ಕೊದಿಂದ ಸಂಬಳ ಪಡೆಯುತ್ತಿದ್ದರು ಎಂಬುದು ಸಾಬೀತಾಗಿದೆಯೇ?
(ಲೆಕ್ಕಪರಿಶೋಧಕರು, ಮಂಗಳೂರು)

ಹಣ ಮಂಜೂರಾಗಿತ್ತೆಂಬುದಕ್ಕೆ ಕಾಗದದ ಆಧಾರವಿದೆ. ಸೋವಿಯತ್ ಒಕ್ಕೂಟ ಕುಸಿದ ಮೇಲೆ ಭಿನ್ನಮತೀಯ ಲೇಖಕ ವ್ಲಾದಿಮಿರ್ ಬುಕೋವ್‌ಸ್ಕಿ ಅಲ್ಲಿನ ದಫ್ತರದಿಂದ ಪ್ರತಿ ಮಾಡಿ ತಂದ ಕಡತಗಳಲ್ಲಿ 1957ರ ಜುಲೈಯ ಒಂದು ಕಡತವಿದೆ. ಅದರಂತೆ, ಬರ್ಚೆಟ್ ಮಾಸ್ಕೊದಲ್ಲಿ ನೆಲೆಸಿ ಅಮೆರಿಕದ ಒಂದು ಎಡಪಂಥೀಯ ವಾರಪತ್ರಿಕೆಗೆ ಬರೆಯುವಾಗ ಅವರಿಗೆ ಒಂದು ಬಾರಿಗೆ 20,000 ರೂಬಲ್‌ಗಳನ್ನೂ ತಿಂಗಳ ಭತ್ಯೆಯನ್ನೂ ಕೊಡಬಹುದೆಂದು ಸೋವಿಯತ್ ಗೂಢಚಾರ ಸಂಸ್ಥೆ ಕೆಜಿಬಿಯ ಶಿಫಾರಸಿನ ಮೇಲೆ ಪಕ್ಷದ ಕೇಂದ್ರ ಸಮಿತಿ ಒಪ್ಪಿತು. 1961ರ ನಾಣ್ಯ ಸುಧಾರಣೆಗೆ ಮುಂಚಿನ ರೂಬಲ್ ಅದಾದ್ದರಿಂದ ಮೊತ್ತ ಕಾಣುವಷ್ಟು ದೊಡ್ಡದಲ್ಲ. ತತ್ತ್ವದ ಪ್ರಶ್ನೆ ಮೊತ್ತವನ್ನು ಅವಲಂಬಿಸಿಯೂ ಇಲ್ಲ. ಓದುಗರಿಗೆ ಇದನ್ನು ತಿಳಿಸದೆ ಆ ವರ್ಷಗಳಲ್ಲಿ ಸೋವಿಯತ್ ಒಕ್ಕೂಟವನ್ನು ಕುರಿತು ಬರೆದದ್ದು ತಪ್ಪು. ಅವರು ನೇಮಿತ ಗೂಢಚಾರರಾಗಿದ್ದರೇ ಎಂಬುದು ಬೇರೆ ಪ್ರಶ್ನೆ. ಅವರ ಸಮರ್ಥಕರಾಗಿದ್ದ ಕೆಲವು ಇತಿಹಾಸಕಾರರು ಈ ಕಡತದ ಬಳಿಕ ಮೆತ್ತಗಾಗಿದ್ದಾರೆ, ಕುಟುಂಬದವರು ಒಪ್ಪಿಲ್ಲ.

ಲೆಕ್ಕಪರಿಶೋಧಕರಾದ ತಾವು ಇನ್ನೊಂದು ಖಾತೆಯನ್ನೂ ನೋಡಬೇಕು. 1945ರಲ್ಲಿ ಅಣುಬಾಂಬನ್ನು ಹೊಗಳಿ, ವಿಕಿರಣದ ಕಾಯಿಲೆಯನ್ನು ಜಪಾನಿ ಪ್ರಚಾರವೆಂದು ಬರೆದ ‘ನ್ಯೂಯಾರ್ಕ್ ಟೈಮ್ಸ್’ನ ವಿಜ್ಞಾನ ವರದಿಗಾರ ವಿಲಿಯಂ ಲಾರೆನ್ಸ್ ಅದೇ ಸಮಯದಲ್ಲಿ ಅಮೆರಿಕದ ಯುದ್ಧ ಇಲಾಖೆಯ ಸಂಬಳದ ಪಟ್ಟಿಯಲ್ಲೂ ಇದ್ದರು. ಆ ಬರಹಗಳಿಗೆ 1946ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಒಬ್ಬರ ಸಂಬಳ ದ್ರೋಹವೆನಿಸಿತು, ಇನ್ನೊಬ್ಬರದು ದೇಶಸೇವೆಯೆನಿಸಿತು. ಇದರಿಂದ ಬರ್ಚೆಟ್ ಅವರ ಲೆಕ್ಕ ಚುಕ್ತಾ ಆಗುವುದಿಲ್ಲವಾದರೂ, ಅವರನ್ನು ಟೀಕಿಸಿದವರ ಲೆಕ್ಕವೂ ತೆರೆದೇ ಇದೆ.

ವಿಯೆಟ್ನಾಂ ವಿಷಯದಲ್ಲಿ ಅವರು ಹೇಳಿದ್ದೇ ನಿಜವಾಯಿತಲ್ಲವೇ?
(ಕನ್ನಡ ಸಂಘದ ಸದಸ್ಯರು, ಮುಂಬೈ)

ಬಹುಮಟ್ಟಿಗೆ ಹೌದು. 1954ರ ಮಾರ್ಚ್‌ನಲ್ಲಿ ಉತ್ತರ ವಿಯೆಟ್ನಾಮಿನ ಕಾಡಿನಲ್ಲಿ ಅಲ್ಲಿನ ಕಮ್ಯುನಿಸ್ಟ್ ನಾಯಕ ಹೋ ಚಿ ಮಿನ್ ಅವರನ್ನು ಕಂಡಾಗ ದಿಯೆನ್ ಬಿಯೆನ್ ಫು ಎಂದರೇನೆಂದು ಬರ್ಚೆಟ್ ಕೇಳಿದರಂತೆ. ಹೋ ತಮ್ಮ ಟೊಪ್ಪಿಗೆಯನ್ನು ಮೇಜಿನ ಮೇಲೆ ಬೋರಲು ತಿರುಗಿಸಿಟ್ಟು, ಅಂಚಿನ ಸುತ್ತ ಬೆರಳಾಡಿಸಿ ‘ಬೆಟ್ಟಗಳಲ್ಲಿ ನಾವಿದ್ದೇವೆ’ ಎಂದು, ಒಳಗಿನ ತಗ್ಗನ್ನು ತೋರಿಸಿ ‘ಫ್ರೆಂಚರು ಇಲ್ಲಿದ್ದಾರೆ, ಹೊರಬರಲಾರರು’ ಎಂದರಂತೆ. ಮೇ 7ರಂದು ಆ ಕೋಟೆ ಬಿತ್ತು. 1963ರ ಕೊನೆಯಿಂದ ತಿಂಗಳುಗಟ್ಟಲೆ ದಕ್ಷಿಣದ ಗೆರಿಲ್ಲಾಗಳ ಜೊತೆ ಸೈಕಲ್ಲಿನಲ್ಲೂ ಕಾಲ್ನಡಿಗೆಯಲ್ಲೂ ಓಡಾಡಿ, ಐವತ್ತು ದಾಟಿದ ದೇಹದಿಂದ ಸುರಂಗಗಳಲ್ಲಿ ನುಸುಳಿ ಬರೆದ ಪುಸ್ತಕದಲ್ಲಿ, ಅಮೆರಿಕ ಎಷ್ಟೇ ಸೈನ್ಯ ತಂದರೂ ಗೆಲ್ಲದು ಎಂದರು. ಅಮೆರಿಕದ ಕಾಲಾಳು ಪಡೆಗಳು ಇಳಿಯುವ ಮುಂಚೆಯೇ ಮಾಡಿದ ಅಂದಾಜು ಅದು. 1967ರ ಜನವರಿಯಲ್ಲಿ ಉತ್ತರ ವಿಯೆಟ್ನಾಮಿನ ವಿದೇಶಾಂಗ ಮಂತ್ರಿ, ಬಾಂಬ್ ದಾಳಿ ಬೇಷರತ್ತಾಗಿ ನಿಂತರೆ ಮಾತುಕತೆ ಸಾಧ್ಯವೆಂದು ಹೇಳಿದ್ದು ಬರ್ಚೆಟ್ ಮಾಡಿದ ಸಂದರ್ಶನದಲ್ಲಿ. 1971ರಲ್ಲಿ ಅಮೆರಿಕ ಅಧ್ಯಕ್ಷರ ಭದ್ರತಾ ಸಲಹೆಗಾರ ಹೆನ್ರಿ ಕಿಸಿಂಜರ್, ಬರ್ಚೆಟ್ ಅವರನ್ನು ಶ್ವೇತಭವನಕ್ಕೆ ಉಪಾಹಾರಕ್ಕೆ ಕರೆದು ಉತ್ತರ ವಿಯೆಟ್ನಾಮಿನ ಹನೋಯ್ ಸರ್ಕಾರದ ಮನಸ್ಸನ್ನು ಕೇಳಿದರು.

ಇಲ್ಲಿ ಅತಿಥಿಯಾಗಿದ್ದುದು ಅವರಿಗೆ ಲಾಭವೇ ಆಯಿತು. ಸೈಗಾನಿನಲ್ಲಿ ಕುಳಿತ ವರದಿಗಾರರಿಗೆ ಕಾಣದ ಹಳ್ಳಿಯ ಬೆಂಬಲ ಅವರಿಗೆ ಕಂಡಿತು. ಆದರೆ ಉತ್ತರದ ಭೂಸುಧಾರಣೆಯಲ್ಲಿ ನಡೆದ ಕೊಲೆಗಳನ್ನು 1956ರಲ್ಲಿ ಹನೋಯ್ ಸರ್ಕಾರವೇ ‘ತಪ್ಪುಗಳು’ ಎಂದು ಒಪ್ಪಿಕೊಂಡಿತು. ಆ ವರ್ಷಗಳಲ್ಲಿ ಅಲ್ಲೇ ವಾಸವಾಗಿದ್ದ ಬರ್ಚೆಟ್ ಅವರ ಪುಸ್ತಕಗಳಲ್ಲಿ ಆ ಕೊಲೆಗಳಿಗೆ ಸಿಗಬೇಕಾದ ಜಾಗ ಸಿಗಲಿಲ್ಲ.

ನಾನಿರುವ ಊರಿನಲ್ಲೇ ಹುಟ್ಟಿದ ವ್ಯಕ್ತಿಗೆ ಆಸ್ಟ್ರೇಲಿಯಾ ಪಾಸ್‌ಪೋರ್ಟ್ ನಿರಾಕರಿಸಿತ್ತೆಂದು ಓದಿ ಅಚ್ಚರಿಯಾಯಿತು. ಇದು ನಿಜವೇ?
(ಕನ್ನಡಿಗ ಓದುಗರು, ಮೆಲ್ಬರ್ನ್)

ನಿಜ. 1955ರಲ್ಲಿ ಅವರ ಬ್ರಿಟಿಷ್ ಪಾಸ್‌ಪೋರ್ಟ್ ಕಳೆದುಹೋಯಿತು. ಕದಿಯಲ್ಪಟ್ಟಿತೆಂದು ಅವರ ಹೇಳಿಕೆ. ಬ್ರಿಟನ್ ಹೊಸದನ್ನು ಕೊಡದೆ ಆಸ್ಟ್ರೇಲಿಯಾದತ್ತ ಕೈತೋರಿಸಿತು, ಆಸ್ಟ್ರೇಲಿಯಾ ಮುಂದಿನ 17 ವರ್ಷ ನಿರಾಕರಿಸುತ್ತ ಬಂತು; ಅವರ ಮಕ್ಕಳನ್ನು ನಾಗರಿಕರೆಂದು ನೋಂದಾಯಿಸಲೂ ಒಪ್ಪಲಿಲ್ಲ. ವಿಯೆಟ್ನಾಂ ಕೊಟ್ಟ ಪ್ರಯಾಣಪತ್ರದಿಂದ, ನಂತರ ಕ್ಯೂಬಾದ ಪಾಸ್‌ಪೋರ್ಟಿನಿಂದ ಅವರು ಜಗತ್ತು ಸುತ್ತಿದರು. ತಂದೆಯ ಅಂತ್ಯಸಂಸ್ಕಾರಕ್ಕೂ ಬರಲಾಗಲಿಲ್ಲ. 1970ರ ಫೆಬ್ರುವರಿಯಲ್ಲಿ, ವಿಮಾನಸಂಸ್ಥೆಗಳು ಅವರನ್ನು ಹತ್ತಿಸಿಕೊಳ್ಳಲು ಒಪ್ಪದಿದ್ದಾಗ, ಒಂದು ಚಿಕ್ಕ ಖಾಸಗಿ ವಿಮಾನದಲ್ಲಿ ನ್ಯೂ ಕ್ಯಾಲೆಡೋನಿಯಾದಿಂದ ಬ್ರಿಸ್ಬೇನ್‌ಗೆ ಬಂದಿಳಿದರು. 1972ರ ಡಿಸೆಂಬರ್‌ನಲ್ಲಿ ಅಧಿಕಾರಕ್ಕೆ ಬಂದ ವಿಟ್ಲಮ್ ಸರ್ಕಾರ ಅವರಿಗೆ ಪಾಸ್‌ಪೋರ್ಟ್ ಕೊಟ್ಟಿತು.

ಯಾವ ನ್ಯಾಯಾಲಯವೂ ಅವರ ಮೇಲೆ ದೇಶದ್ರೋಹದ ವಿಚಾರಣೆ ನಡೆಸಿರಲಿಲ್ಲ ಎಂಬುದನ್ನು ನೆನಪಿಡಬೇಕು. ವಿಚಾರಣೆಯಿಲ್ಲದೆ ವಿಧಿಸಿದ ಶಿಕ್ಷೆ ಇದು. ಅದರ ಪರಿಣಾಮ ವಿಚಿತ್ರವಾಗಿತ್ತು: ತನ್ನ ದೇಶ ಕೈಬಿಟ್ಟ ಪತ್ರಕರ್ತ ಆತಿಥೇಯ ಸರ್ಕಾರಗಳ ಕಾಗದಪತ್ರಗಳಿಲ್ಲದೆ ಗಡಿ ದಾಟದಂತಾಯಿತು, ಆ ಸರ್ಕಾರಗಳನ್ನು ಟೀಕಿಸುವುದು ಇನ್ನಷ್ಟು ದುಬಾರಿಯಾಯಿತು. ತನ್ನನ್ನು ಕೆಜಿಬಿಯ ಮನುಷ್ಯನೆಂದು ಬರೆದ ರಾಜಕಾರಣಿ ಜ್ಯಾಕ್ ಕೇನ್ ಮೇಲೆ ಅವರು ಹೂಡಿದ್ದ ಮಾನನಷ್ಟದ ದಾವೆಯ ವಿಚಾರಣೆ 1974ರಲ್ಲಿ ನಡೆಯಿತು. ಮಾನಹಾನಿಯಾಗಿದೆ, ಆದರೆ ಸಂಸತ್ತಿನ ನಡಾವಳಿಯ ವರದಿಯಾದ್ದರಿಂದ ಕಾನೂನಿನ ರಕ್ಷಣೆಯಿದೆ ಎಂದು ತೀರ್ಪು ಬಂತು. ವೆಚ್ಚ ಅವರ ತಲೆಗೆ ಬಿತ್ತು. ಅದನ್ನು ತೆರಲಾರದೆ ಮತ್ತೆ ದೇಶದ ಹೊರಗೇ ಉಳಿದರು.

ಪೋಲ್ ಪಾಟ್ ಆಡಳಿತದ ಕ್ರೌರ್ಯದ ಬಗ್ಗೆ ಅವರ ನಿಲುವು ಏನಾಗಿತ್ತು? ಅವರನ್ನು ಮೊದಲ ಬಾರಿ ಓದುವವರಿಗೆ ಎಲ್ಲಿಂದ ಆರಂಭಿಸಲು ಹೇಳುತ್ತೀರಿ?
(ಗ್ರಂಥಪಾಲಕರು, ಶಿವಮೊಗ್ಗ)

ಅರುವತ್ತರ ದಶಕದಲ್ಲಿ ಕೆಲವು ವರ್ಷ ಕಾಂಬೋಡಿಯಾದ ರಾಜಧಾನಿ ನಾಮ್‌ಪೆನ್‌ನಲ್ಲಿ ನೆಲೆಸಿದ್ದ ಬರ್ಚೆಟ್, 1975ರ ಏಪ್ರಿಲ್‌ನಲ್ಲಿ ಪೋಲ್ ಪಾಟ್ ನಾಯಕತ್ವದ ಕಮ್ಯುನಿಸ್ಟ್ ಬಣ ಖಮೇರ್ ರೂಜ್ ಅಧಿಕಾರಕ್ಕೆ ಬಂದಾಗ ಸ್ವಾಗತಿಸಿದರು, ಅದರ ಹೊಸ ಸಂವಿಧಾನವನ್ನೂ ಹೊಗಳಿದರು. ನಿರಾಶ್ರಿತರು ಗಡಿ ದಾಟಿ ಹೇಳುತ್ತಿದ್ದ ಕಥೆಗಳು ಆಗಲೇ ಪತ್ರಿಕೆಗಳಲ್ಲಿ ಬರುತ್ತಿದ್ದವು. ಕಾಂಬೋಡಿಯಾ ಮತ್ತು ವಿಯೆಟ್ನಾಂ ನಡುವೆ ಬಹಿರಂಗ ಕಾಳಗ ಶುರುವಾದ ಮೇಲೆಯೇ ಅವರ ಬರಹ ತಿರುಗಿತು. 1979ರ ಜನವರಿ 7ರಂದು ವಿಯೆಟ್ನಾಂ ಸೇನೆ ನಾಮ್‌ಪೆನ್ ಹಿಡಿದ ಬಳಿಕ ಅವರು ಅಲ್ಲಿಗೆ ಹೋಗಿ ಹತ್ಯಾಕಾಂಡವನ್ನು ಕಟುವಾಗಿ ವರದಿ ಮಾಡಿದರು. ಚೀನಾ ಫೆಬ್ರುವರಿಯಲ್ಲಿ ವಿಯೆಟ್ನಾಂ ಮೇಲೆ ದಾಳಿ ಮಾಡಿದಾಗ, ತಾನು ಮೂರು ದಶಕ ಆರಾಧಿಸಿದ ಚೀನಾವನ್ನೂ, ಚೀನಾದತ್ತ ವಾಲಿದ್ದ ನ್ಯೂಯಾರ್ಕಿನ ವಾರಪತ್ರಿಕೆಯನ್ನೂ ಬಿಟ್ಟರು. ಆ ಪತ್ರಿಕೆಗೆ ಅವರು ಬರೆಯತೊಡಗಿ ಇಪ್ಪತ್ತು ವರ್ಷಗಳ ಮೇಲಾಗಿತ್ತು, ಅವರ ಜೀವನೋಪಾಯಕ್ಕೂ ಅದು ಬೇಕಿತ್ತು. ಹಾಗಾಗಿ ಬಿಟ್ಟದ್ದು ಸಣ್ಣ ಮಾತಲ್ಲ. ಆದರೂ ಕಾಂಬೋಡಿಯಾದ ಸತ್ಯ ಅವರಿಗೆ ಕಂಡದ್ದು ಅವರ ಇನ್ನೊಬ್ಬ ಆತಿಥೇಯನಾದ ಹನೋಯ್ ಅದನ್ನು ನುಡಿಯಲು ಸಿದ್ಧವಾದ ಮೇಲೆ. 1983ರ ಸೆಪ್ಟೆಂಬರ್ 27ರಂದು ಸೋಫಿಯಾದಲ್ಲಿ ಅವರು ತೀರಿಕೊಂಡರು. ಕೊಸ್ತೋವ್ ಅವರ ವಿಚಾರಣೆ ನಡೆದಿದ್ದ ಊರು ಅದು.

ಓದಲು ಹೊರಡುವವರು 1945ರ ಸೆಪ್ಟೆಂಬರ್ 5ರ ಹಿರೋಷಿಮಾ ವರದಿಯಿಂದ ಆರಂಭಿಸಲಿ; ಅದು ಚಿಕ್ಕದು, ಇಂದಿಗೂ ಸವೆದಿಲ್ಲ. ಆಮೇಲೆ ಆತ್ಮಕಥನಕ್ಕೆ ಹೋಗುವ ಬದಲು 1951ರ ಪೂರ್ವ ಯುರೋಪಿನ ಪುಸ್ತಕದಲ್ಲಿ ರಾಯ್ಕ್ ವಿಚಾರಣೆಯ ಭಾಗವನ್ನು ಓದಬೇಕು. ಆತ್ಮಕಥನಗಳಲ್ಲಿ ಕಥನ ಸೊಗಸಾಗಿದೆ, ನೆನಪು ಮಾತ್ರ ಬೇಕಾದ್ದನ್ನು ಆರಿಸಿಕೊಂಡಿದೆ. ಕೊರಿಯಾದ ಪುಸ್ತಕಗಳನ್ನು ಒಂಟಿಯಾಗಿ ಎರವಲು ಕೊಡಬೇಡಿ. ಜನರಲ್ ಡೀನ್ ಅವರ ಆತ್ಮಕಥನ ಹಾಗೂ ತಿಮ್ಮಯ್ಯನವರು ಆಯೋಗದ ಅನುಭವವನ್ನು ಕುರಿತು ಬರೆದ ಪುಸ್ತಕ ನಿಮ್ಮ ಗ್ರಂಥಾಲಯಕ್ಕೆ ದೊರೆತರೆ ಮೂರನ್ನೂ ಒಂದೇ ಕಪಾಟಿನಲ್ಲಿ ಇಡಿ.